ನಿಮ್ಮ ಶುಶ್ರೂಷಾ ತತ್ವವನ್ನು ನೀವೇ ಬರೆಯುವ ಬಗೆ

ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದುವವರಿಗೂ ಕಲಿಸುವವರಿಗೂ ಒಂದಲ್ಲ ಒಂದು ದಿನ ತಮ್ಮ ಶುಶ್ರೂಷಾ ತತ್ವವನ್ನು, ಎಂದರೆ ರೋಗಿಗಳ ಆರೈಕೆಯ ಬಗ್ಗೆ ತಮಗಿರುವ ನಂಬಿಕೆಗಳನ್ನು, ಒಂದು ಪುಟದಲ್ಲಿ ಬರೆಯುವ ಸಂದರ್ಭ ಬರುತ್ತದೆ. ನಾನು ಓದಿರುವ ಇಂತಹ ಪುಟಗಳಲ್ಲಿ ಹೆಚ್ಚಿನವು ‘ಶುಶ್ರೂಷೆ ಒಂದು ಕಲೆ ಹಾಗೂ ವಿಜ್ಞಾನ’ ಎಂದು ಆರಂಭವಾಗಿ, ಸೇವೆ ಮತ್ತು ಕರುಣೆಯ ಮಾತುಗಳಲ್ಲಿ ಮುಗಿಯುತ್ತವೆ. ಅವುಗಳಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಹೆಸರನ್ನು ಮುಚ್ಚಿಟ್ಟು ಓದಿದರೆ ಯಾವ ಪುಟ ಯಾರದೆಂದು ತಿಳಿಯುವುದಿಲ್ಲ. ಬರೆದವರು ನಾಳೆ ವಾರ್ಡಿನಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದೂ ಗೊತ್ತಾಗುವುದಿಲ್ಲ.

ಬರೆಯಲು ಕೂರುವ ಮೊದಲು, ನಾವು ದಿನವೂ ಬಳಸುವ ‘ಶುಶ್ರೂಷೆ’ ಎಂಬ ಪದವನ್ನೇ ಸ್ವಲ್ಪ ಹೊತ್ತು ಗಮನಿಸಿ. ಸಂಸ್ಕೃತದ ‘ಶ್ರು’ ಧಾತುವಿನಿಂದ ಬಂದ ಈ ಪದಕ್ಕೆ ಮೂಲದಲ್ಲಿ ‘ಕೇಳಬೇಕೆಂಬ ಬಯಕೆ’ ಎಂದರ್ಥ. ಸೇವೆ, ಉಪಚಾರ ಎಂಬ ಅರ್ಥಗಳು ಅದರಿಂದ ಬೆಳೆದು ಬಂದವು. ನಮ್ಮ ವೃತ್ತಿಯ ಹೆಸರಿನಲ್ಲಿಯೇ ಅದರ ಮೊದಲ ಕರ್ತವ್ಯ ಅಡಗಿದೆ ಎಂದು ನಾನು ನಂಬಿದ್ದೇನೆ.

ಮೊದಲ ಹೆಜ್ಜೆಯಾಗಿ ಒಬ್ಬ ರೋಗಿಯನ್ನು ನೆನಪಿಸಿಕೊಳ್ಳಿ. ವ್ಯಾಖ್ಯಾನಗಳ ಪುಸ್ತಕವನ್ನು ಮುಚ್ಚಿಟ್ಟು, ಇಂದಿಗೂ ಮನಸ್ಸಿನಿಂದ ಮರೆಯಾಗದ ಒಂದು ಘಟನೆಯನ್ನು, ಹೆಸರು ಮತ್ತು ಗುರುತು ಬಿಟ್ಟು, ನಡೆದದ್ದು ನಡೆದಂತೆ ಬರೆಯಿರಿ. ನನ್ನದನ್ನು ಹೇಳುತ್ತೇನೆ. ವಿದ್ಯಾರ್ಥಿನಿಯಾಗಿದ್ದಾಗ ನಗರದ ಆಸ್ಪತ್ರೆಯೊಂದರ ಮಹಿಳೆಯರ ವಾರ್ಡಿನಲ್ಲಿ, ಸಿಸ್ಟರೊಬ್ಬರ ಮೇಲ್ವಿಚಾರಣೆಯಲ್ಲಿ, ಕೋಲಾರದ ಕಡೆಯ ಅಜ್ಜಿಯೊಬ್ಬರಿಗೆ ಬೆಳಿಗ್ಗೆ ಏಳೂವರೆಗೆ ಇನ್ಸುಲಿನ್ ಕೊಟ್ಟೆ. ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಅವರು ಮುಟ್ಟಲಿಲ್ಲ. “ಆಮೇಲೆ ನೋಡ್ತೀನಿ ಬಿಡಮ್ಮ” ಎಂದರು. ನಾನು ಮುಂದಿನ ಹಾಸಿಗೆಗೆ ಹೋದೆ. ಹತ್ತು ಗಂಟೆಯ ಹೊತ್ತಿಗೆ ಅವರ ಹಣೆ, ಕುತ್ತಿಗೆ ಬೆವೆತು ಸೆರಗು ಒದ್ದೆಯಾಗಿತ್ತು, ಬೆರಳುಗಳು ನಡುಗುತ್ತಿದ್ದವು. ಇನ್ಸುಲಿನ್ ಪಡೆದು ಏನೂ ತಿನ್ನದಿದ್ದರಿಂದ ರಕ್ತದ ಸಕ್ಕರೆ ತೀರಾ ಇಳಿದಿತ್ತು, ಗ್ಲುಕೋಮೀಟರ್ 48 ತೋರಿಸಿತು. ಪ್ರಜ್ಞೆ ಇದ್ದುದರಿಂದ ಸಕ್ಕರೆ ಕರಗಿಸಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿದೆವು. ಸಕ್ಕರೆಯ ಮಟ್ಟ ಏರಿತ್ತು. ಸುಧಾರಿಸಿಕೊಂಡ ಅಜ್ಜಿ, “ಸೋಮವಾರ ಅಲ್ವೇನಮ್ಮ, ಒಪ್ಪತ್ತು. ರಾತ್ರೀನೇ ಉಣ್ಣೋದು” ಎಂದರು. ಕನ್ನಡದ ‘ಕೇಳು’ ಎಂಬ ಮಾತಿನ ಎರಡೂ ಅರ್ಥಗಳಲ್ಲಿ ನಾನು ಅವರನ್ನು ಕೇಳಿರಲಿಲ್ಲ: ಪ್ರಶ್ನೆಯನ್ನೂ ಹಾಕಿರಲಿಲ್ಲ, ‘ಆಮೇಲೆ’ ಎಂದದ್ದನ್ನು ಕಿವಿಗೂ ಹಾಕಿಕೊಂಡಿರಲಿಲ್ಲ.

ಘಟನೆಯನ್ನು ಬರೆದ ಮೇಲೆ, ಎರಡನೆಯ ಹೆಜ್ಜೆಯಾಗಿ, ಅದಕ್ಕೆ ನಾಲ್ಕು ಪ್ರಶ್ನೆಗಳನ್ನು ಹಾಕಿ. ವ್ಯಕ್ತಿ, ಪರಿಸರ, ಆರೋಗ್ಯ, ಶುಶ್ರೂಷೆ ಎಂಬ ನಾಲ್ಕು ಪರಿಕಲ್ಪನೆಗಳನ್ನು ನಮ್ಮ ಶಾಸ್ತ್ರದ ಆಧಾರಸ್ತಂಭಗಳಾಗಿ 1980ರ ದಶಕದಲ್ಲಿ ಅಮೆರಿಕದ ಶುಶ್ರೂಷಾ ವಿದ್ವಾಂಸೆ ಜಾಕ್ವೆಲಿನ್ ಫಾಸೆಟ್ ವಿವರಿಸಿದರು. ಪರೀಕ್ಷೆಗಾಗಿ ನೀವು ಇವನ್ನು ಬಾಯಿಪಾಠ ಮಾಡಿರುತ್ತೀರಿ. ಈಗ ಅವನ್ನು ನಿಮ್ಮ ರೋಗಿಯ ಮಂಚದ ಪಕ್ಕಕ್ಕೆ ತನ್ನಿ. ವ್ಯಕ್ತಿ ಎಂದರೆ ಯಾರು? ನನಗೆ ಆ ದಿನದವರೆಗೆ ಅಜ್ಜಿ ‘ಹನ್ನೊಂದನೇ ಬೆಡ್, ಡಯಾಬಿಟಿಸ್’ ಆಗಿದ್ದರು. ಅವರ ಸೋಮವಾರಗಳು ನನಗೆ ಗೊತ್ತಿರಲಿಲ್ಲ. ಆರೋಗ್ಯ ಎಂದರೆ ಏನು? ರಕ್ತದ ಸಕ್ಕರೆ ಹತೋಟಿಯಲ್ಲಿರುವುದು ನಮ್ಮ ಗುರಿಯಾಗಿದ್ದರೆ, ಆಚರಣೆಯನ್ನು ಬಿಡದೆ ಬದುಕುವುದು ಅವರ ಗುರಿಯಾಗಿತ್ತು. ಶುಶ್ರೂಷೆ ಎಂದರೆ ಏನು? ಈ ಎರಡನ್ನೂ ಹೊಂದಿಸುವ ದಾರಿಯನ್ನು ವೈದ್ಯರೊಂದಿಗೆ ಮಾತನಾಡಿ ಹುಡುಕುವುದು ನನ್ನ ಕೆಲಸವಾಗಿತ್ತು.

ಪರಿಸರದ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ಗಾಳಿ, ಬೆಳಕು, ಶುಚಿತ್ವ, ನಿಶ್ಶಬ್ದಗಳನ್ನು ರೋಗಿಯ ಚೇತರಿಕೆಯೊಂದಿಗೆ ಜೋಡಿಸಿದ ಫ್ಲಾರೆನ್ಸ್ ನೈಟಿಂಗೇಲ್, 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಆರಂಭಿಸಿದಾಗ ಈ ತಿಳಿವಳಿಕೆ ಶಿಕ್ಷಣದ ಭಾಗವಾಯಿತು. ನಮ್ಮ ವಾರ್ಡುಗಳಲ್ಲಿ ಪರಿಸರವೆಂದರೆ ಭಾಷೆಯೂ ಹೌದು. ಒಂದೇ ಸಾಲಿನ ಮಂಚಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ ಕೇಳಿಸುತ್ತವೆ. ಕಲಬುರಗಿ, ರಾಯಚೂರಿನಿಂದ ಬಂದವರ ಕನ್ನಡ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗೇ ಕೆಲವೊಮ್ಮೆ ತಿಳಿಯುವುದಿಲ್ಲ. ಕೇರಳದಿಂದ ಓದಲು ಬಂದವರ ಪಾಡನ್ನು ಹೇಳಬೇಕಾಗಿಲ್ಲ. ‘ಸಂಕಟ’ ಎಂದಾಗ ರೋಗಿ ಹೊಟ್ಟೆ ತೊಳಸುವುದನ್ನು ಹೇಳುತ್ತಿದ್ದಾರೋ, ಎದೆ ಹಿಡಿದಂತಾಗುವುದನ್ನೋ, ಮನಸ್ಸಿನ ನೋವನ್ನೋ ಎಂದು ಇನ್ನೊಮ್ಮೆ ಕೇಳಿ ತಿಳಿದುಕೊಳ್ಳುವುದು ನಿಮ್ಮ ತತ್ವದಲ್ಲಿ ಒಂದು ವಾಕ್ಯವಾಗಿ ಬರಲಿ.

ಮೂರನೆಯ ಹೆಜ್ಜೆಯಲ್ಲಿ ಶುಶ್ರೂಷೆ ಎಂದರೇನೆಂದು ಚಿಂತಿಸಿ ಬರೆದ ಒಬ್ಬ ಸಿದ್ಧಾಂತಕಾರರನ್ನು ಆರಿಸಿಕೊಳ್ಳಿ, ಒಬ್ಬರೇ ಸಾಕು. ರೋಗಿಗೆ ಶಕ್ತಿ, ಮನಸ್ಸು ಅಥವಾ ತಿಳಿವಳಿಕೆ ಇದ್ದಿದ್ದರೆ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಗಳಲ್ಲಿ ನೆರವಾಗಿ, ಆದಷ್ಟು ಬೇಗ ಆತ ಸ್ವತಂತ್ರನಾಗುವಂತೆ ಮಾಡುವುದೇ ಶುಶ್ರೂಷೆ ಎಂದ ವರ್ಜೀನಿಯಾ ಹೆಂಡರ್ಸನ್ ಅವರನ್ನು ನಾನು ಆರಿಸಿಕೊಂಡೆ. ಸಂಸ್ಕೃತಿಗೆ ತಕ್ಕ ಆರೈಕೆಯ ಬಗ್ಗೆ ಚಿಂತಿಸಿದ ಮೆಡಲೀನ್ ಲೈನಿಂಜರ್, ನರ್ಸ್ ಮತ್ತು ರೋಗಿಯ ಸಂಬಂಧವನ್ನೇ ಚಿಕಿತ್ಸೆಯ ಸಾಧನವಾಗಿ ಕಂಡ ಹಿಲ್ಡಗಾರ್ಡ್ ಪೆಪ್ಲಾವ್ ನಿಮಗೆ ಹತ್ತಿರವಾಗಬಹುದು. ಇದರ ಜೊತೆಗೆ 1953ರಲ್ಲಿ ಮೊದಲು ಅಂಗೀಕಾರವಾದ ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿಯ (ICN) ನೀತಿಸಂಹಿತೆಯನ್ನೂ ಭಾರತೀಯ ಶುಶ್ರೂಷಾ ಪರಿಷತ್ತಿನ ನೀತಿಸಂಹಿತೆಯನ್ನೂ ಓದಿ, ನಿಮ್ಮ ವಾಕ್ಯಗಳು ಅವುಗಳಿಗೆ ವಿರುದ್ಧವಾಗಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಅಧ್ಯಾಪಕರು ಬರೆಯುವುದಾದರೆ, ತಪ್ಪು ಮಾಡಿದ ವಿದ್ಯಾರ್ಥಿಯೊಂದಿಗೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಿಂದ ಆರಂಭಿಸಬೇಕು. ಅಂದು ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಎಲ್ಲರೆದುರು ಗದರಲಿಲ್ಲ. ಕೇಸ್ ಶೀಟನ್ನು ಮುಂದಿಟ್ಟು, “ಏನಾಯ್ತೋ ಹಾಗೇ ಬರಿ. ನಾಳೆ ಇನ್ಸುಲಿನ್ ಕೊಡೋಕೆ ಮುಂಚೆ ಏನು ಕೇಳ್ತೀಯ ಅಂತ ಆಮೇಲೆ ನನಗೆ ಹೇಳು” ಎಂದರು. ಗದರಿದ್ದರೆ ಮುಂದಿನ ತಪ್ಪನ್ನು ನಾನು ಮುಚ್ಚಿಡಲು ಕಲಿಯುತ್ತಿದ್ದೆ. ಮುಚ್ಚಿಟ್ಟ ತಪ್ಪಿನ ಬೆಲೆಯನ್ನು ತೆರುವವರು ರೋಗಿಗಳು. ನರ್ಸ್ ಹೊಸಬರ ಹಂತದಿಂದ ಪರಿಣತರ ಹಂತದವರೆಗೆ ಐದು ಮೆಟ್ಟಿಲುಗಳಲ್ಲಿ ಬೆಳೆಯುತ್ತಾರೆಂದು ಅಮೆರಿಕದ ಶುಶ್ರೂಷಾ ಚಿಂತಕಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ವಿವರಿಸಿದ್ದು ಇಲ್ಲಿ ನೆರವಿಗೆ ಬರುತ್ತದೆ: ಹೊಸಬರಿಗೆ ಸ್ಪಷ್ಟ ನಿಯಮಗಳು ಬೇಕು, ಪರಿಣತರು ಸನ್ನಿವೇಶವನ್ನು ಒಟ್ಟಾಗಿ ಗ್ರಹಿಸುತ್ತಾರೆ. ಮೊದಲ ಸೆಮಿಸ್ಟರಿನವರಿಂದ ಇಪ್ಪತ್ತು ವರ್ಷದ ಅನುಭವಿಯ ಒಳನೋಟವನ್ನು ನಿರೀಕ್ಷಿಸುವುದು ಅನ್ಯಾಯ.

ಕರಡು ಸಿದ್ಧವಾದ ಮೇಲೆ ‘ನಂಬುತ್ತೇನೆ’ ಎಂದು ಮುಗಿಯುವ ಪ್ರತಿ ವಾಕ್ಯದ ಕೆಳಗೆ ‘ಆದ್ದರಿಂದ ಏನು ಮಾಡುತ್ತೇನೆ’ ಎಂದು ಬರೆಯಿರಿ. ‘ರೋಗಿಯ ಘನತೆಯನ್ನು ಗೌರವಿಸಬೇಕೆಂದು ನಂಬುತ್ತೇನೆ’ ಎಂಬುದರ ಕೆಳಗೆ, ‘ಬೆಡ್‌ಪ್ಯಾನ್ ಕೊಡುವ ಮುಂಚೆ ಪರದೆ ಎಳೆಯುತ್ತೇನೆ, ಪರದೆ ಇಲ್ಲದ ಕಡೆ ಹೊದಿಕೆಯಿಂದ ಮರೆ ಮಾಡುತ್ತೇನೆ’ ಎಂದು ಬಂದರೆ ಆ ವಾಕ್ಯ ಉಳಿಯಲಿ. ಕೆಳಗೆ ಬರೆಯಲು ಏನೂ ತೋಚದಿದ್ದರೆ ಮೇಲಿನದನ್ನೂ ಹೊಡೆದುಹಾಕಿ.

ಪುಟದ ಕೆಳಗೆ ದಿನಾಂಕ ಹಾಕಿ. ಸಮುದಾಯ ಆರೋಗ್ಯ, ಮನೋವೈದ್ಯಕೀಯ, ಹೆರಿಗೆ ವಾರ್ಡು, ಹೀಗೆ ಪ್ರತಿ ಪೋಸ್ಟಿಂಗ್ ಮುಗಿದಾಗಲೂ ಅದನ್ನು ತೆರೆದು, ಹೊಸದಾಗಿ ಒಬ್ಬ ರೋಗಿಯ ಘಟನೆಯನ್ನು ಸೇರಿಸಿ, ಒಪ್ಪಿಗೆಯಾಗದ ವಾಕ್ಯಗಳನ್ನು ತಿದ್ದಿ. ಹಳೆಯ ಪುಟವನ್ನು ಹರಿಯದೆ ಹೊಸದರ ಹಿಂದೆ ಸೇರಿಸಿ ಪಿನ್ ಮಾಡಿಡಿ.