ವಾಲ್ವ್ ಮೇಲಿನ ಕಾರ್ಬನ್: ಕೆರೆಯುವ ಮೊದಲು ನೆನೆಸಿ

ಎಂಜಿನ್ ಬಿಚ್ಚಿ ಹೆಡ್ (ವಾಲ್ವ್ ಕೂತಿರುವ ಮೇಲಿನ ಭಾಗ) ಕೆಳಗಿಳಿಸಿದ್ದೀರಾ? ವಾಲ್ವ್‌ಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ರಟ್ಟಿಗೆ ತೂತು ಮಾಡಿ, ನಂಬರ್ ಬರೆದು, ಸಾಲಾಗಿ ಸಿಕ್ಕಿಸಿಡಿ. ಯಾವ ವಾಲ್ವ್ ಯಾವ ಸೀಟಿಗೆ (ಹೆಡ್‌ನಲ್ಲಿ ಅದು ಕೂರುವ ಬಳೆಗೆ) ಹೊಂದಿಕೊಂಡಿತ್ತೋ ಅದಕ್ಕೇ ವಾಪಸ್ ಹೋಗಬೇಕು.

ಆಮೇಲೆ ಕಾರ್ಬ್ ಕ್ಲೀನರ್‌ನಲ್ಲಿ (ಕಾರ್ಬುರೇಟರ್ ತೊಳೆಯುವ ದ್ರಾವಣ) ಒಂದು ರಾತ್ರಿ ನೆನೆಸಿ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿ. ಗಾಳಿಯಾಡುವ ಜಾಗ, ಕೈಗವಸು, ಕನ್ನಡಕ ಬೇಕೇ ಬೇಕು. ಬೆಳಿಗ್ಗೆ ನೋಡಿದರೆ ವಾಲ್ವ್ ತಲೆಯ (ಅಗಲ ತುದಿಯ) ಹಿಂಭಾಗದ ಕರಿ ಮೆತ್ತಗಾಗಿರುತ್ತದೆ. ಮರದ ಚೂರಿನಿಂದಲೇ ಜಾಸ್ತಿ ಬರುತ್ತದೆ, ಉಳಿದದ್ದಕ್ಕೆ ಹಿತ್ತಾಳೆ ಬ್ರಷ್. ವಾಲ್ವ್‌ನ ಕಾಂಡಕ್ಕೆ (ಸ್ಟೆಮ್) ಮರಳು ಕಾಗದ ಮುಟ್ಟಿಸಬೇಡಿ, ಅದು ಸವೆದರೆ ಗೈಡ್‌ನಲ್ಲಿ (ಕಾಂಡ ಜಾರುವ ಕೊಳವೆ) ಆಟ ಬರುತ್ತದೆ. ಸೀಟಿಗೆ ಕೂರುವ ಅಂಚನ್ನೂ ಕೆರೆಯಬೇಡಿ. ಕೆಲವು ಎಂಜಿನ್‌ಗಳ ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವ್ ಒಳಗೆ ಸೋಡಿಯಂ ಇರುತ್ತದೆ, ಅದನ್ನು ಕತ್ತರಿಸುವುದು ತುಂಬಾ ಅಪಾಯ.

ಆಮೇಲೆ ಗ್ರೈಂಡಿಂಗ್ ಪೇಸ್ಟ್ ಹಾಕಿ ವಾಲ್ವನ್ನು ಅದರ ಸೀಟಿನ ಮೇಲೆ ತಿರುಗಿಸಿ ಉಜ್ಜಿದಾಗ ಅಂಚಿನ ಸುತ್ತ ಒಂದೇ ಸಮನಾದ ಬೂದು ಗೆರೆ ಮೂಡಬೇಕು. ಎಲ್ಲಾದರೂ ಗೆರೆ ತುಂಡಾಗಿದ್ದರೆ ಅಲ್ಲಿಂದ ಗ್ಯಾಸ್ ಸೋರುತ್ತದೆ. ಪೇಸ್ಟ್ ಒಂದು ಚೂರೂ ಉಳಿಯದಂತೆ ತೊಳೆಯಿರಿ. ಜೋಡಿಸಿದ ಮೇಲೆ ಪೋರ್ಟ್‌ಗೆ (ಹೆಡ್‌ನಲ್ಲಿ ಗಾಳಿ, ಹೊಗೆ ಓಡಾಡುವ ದಾರಿ) ಸೀಮೆಎಣ್ಣೆ ಸುರಿದು ಸ್ವಲ್ಪ ಹೊತ್ತು ಬಿಡಿ, ಕೆಳಗೆ ತೊಟ್ಟಿಕ್ಕಬಾರದು.

ಇಷ್ಟೆಲ್ಲ ಮಾಡಿ ಕಾಂಡದ ಸುತ್ತ ಎಣ್ಣೆ ತಡೆಯುವ ಸ್ಟೆಮ್ ಸೀಲ್ ಮಾತ್ರ ಹಳೇದೇ ಹಾಕಿದರೆ ಸುಮ್ನೆ ದಂಡ ಅಲ್ವಾ? ಎಣ್ಣೆ ಇಳಿದು ಇನ್‌ಟೇಕ್ (ಗಾಳಿ ಒಳಬಿಡುವ) ವಾಲ್ವ್ ಮತ್ತೆ ಕರಿಗಟ್ಟುತ್ತದೆ. ಹೊಸದನ್ನೇ ಹಾಕಿಸಿ. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮುಕಿಸುವ ನೇರ ಇಂಜೆಕ್ಷನ್ ಕಾರಾದರೆ ಇನ್ನೂ ಎಚ್ಚರ. ಅದರಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಬೀಳುವುದೇ ಇಲ್ಲ, ಹಾಗಾಗಿ ಟ್ಯಾಂಕಿಗೆ ಹಾಕುವ ಕ್ಲೀನರ್ ಅಲ್ಲಿಗೆ ತಲುಪುವುದಿಲ್ಲ.