ಆ್ಯಪ್ ತೋರಿಸುವ ರಿಟರ್ನ್ಸ್: ಒಂದೇ ದುಡ್ಡಿಗೆ ಮೂರು ಲೆಕ್ಕ

"ಒಂದ್ರಲ್ಲಿ ಶೇ. 6.8, ಇನ್ನೊಂದ್ರಲ್ಲಿ ಶೇ. 1. ಯಾವುದು ಸುಳ್ಳು ಮಾರಾಯ್ತಿ?" ಎಂದು ತಮ್ಮ ಮ್ಯೂಚುವಲ್ ಫಂಡಿನ ರಿಟರ್ನ್ಸ್ (ಹಾಕಿದ ದುಡ್ಡಿಗೆ ಬಂದ ಲಾಭ) ಆ್ಯಪ್‌ನಲ್ಲಿ ನೋಡಿ ತೀರ್ಥಹಳ್ಳಿಯ ದೊಡ್ಡಪ್ಪ ಕೇಳಿದರು. ಎರಡೂ ಸುಳ್ಳಲ್ಲ. ಸಂಬಳದವರ ಹಾಗೆ ನಮ್ಮ ಕಡೆ ತಿಂಗಳು ತಿಂಗಳು ದುಡ್ಡು ಬರುವುದಿಲ್ಲ. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ಶಿವಮೊಗ್ಗದ ಮಂಡಿಗೆ ಹಾಕಿ, ರೇಟು ನೋಡಿ ಕೊಟ್ಟ ಮೇಲೆ ಒಟ್ಟಿಗೆ ಬರುತ್ತದೆ. ಮ್ಯೂಚುವಲ್ ಫಂಡಿಗೂ ಒಟ್ಟಿಗೇ ಹೋಗುತ್ತದೆ. ಅದಕ್ಕೇ ನಮ್ಮವರ ಖಾತೆಯಲ್ಲಿ ಈ ಅಂಕಿಗಳಿಗೆ ಇಷ್ಟು ಅಂತರ.

ದೊಡ್ಡಪ್ಪನ ಲೆಕ್ಕವನ್ನು ಸ್ವಲ್ಪ ದುಂಡು ಮಾಡಿ ಹೇಳುತ್ತೇನೆ. 2023ರ ಜನವರಿಯಲ್ಲಿ 1 ಲಕ್ಷ ಹಾಕಿದರು. ವರ್ಷದಲ್ಲಿ ಅದು 1,20,000 ಆಯಿತು. ಖುಷಿಯಾಗಿ ಇನ್ನೂ 2 ಲಕ್ಷ ಸೇರಿಸಿದರು. ಮರುವರ್ಷ ಫಂಡ್ ಶೇ. 5 ಇಳಿಯಿತು. 2025ರ ಜನವರಿಗೆ ಉಳಿದಿದ್ದು 3,04,000.

ಹಾಕಿದ್ದು 3 ಲಕ್ಷ, ಲಾಭ 4 ಸಾವಿರ, ಅಂದರೆ ಶೇ. 1.33. ಇದು ಅಬ್ಸಲ್ಯೂಟ್ ರಿಟರ್ನ್. ಎಷ್ಟು ಕಾಲ ಹಿಡಿಯಿತು ಅನ್ನುವುದು ಇದಕ್ಕೆ ಬೇಕಿಲ್ಲ.

ಶೇ. 6.8 ಟೈಮ್ ವೆಯ್ಟೆಡ್ ರಿಟರ್ನ್. ಮೊದಲ ವರ್ಷ ಶೇ. 20 ಏರಿದ್ದಕ್ಕೆ 1.20, ಮರುವರ್ಷ ಶೇ. 5 ಇಳಿದಿದ್ದಕ್ಕೆ 0.95, ಗುಣಿಸಿದರೆ 1.14. ಎರಡು ವರ್ಷಕ್ಕೆ ಶೇ. 14, ವರ್ಷಕ್ಕೆ ಚಕ್ರಬಡ್ಡಿಯಲ್ಲಿ ಶೇ. 6.8ರ ಹತ್ತಿರ. ನೀವು ಯಾವಾಗ ಎಷ್ಟು ಹಾಕಿದಿರಿ ಎಂಬುದನ್ನು ಇದು ನೋಡುವುದೇ ಇಲ್ಲ.

ದೊಡ್ಡಪ್ಪ ಕಂಡ ಶೇ. 1 ಎಕ್ಸ್‌ಐಆರ್‌ಆರ್ (XIRR) ಎಂಬ ವಾರ್ಷಿಕ ದರ. ಅದು ಇದನ್ನೇ ನೋಡುತ್ತದೆ. ಪ್ರತಿ ರೂಪಾಯಿ ಎಷ್ಟು ದಿನ ಒಳಗಿತ್ತೋ ಅಷ್ಟಕ್ಕೆ ಬಡ್ಡಿ ಹಾಕಿ, ಯಾವ ದರಕ್ಕೆ ಇವತ್ತಿನ ಮೊತ್ತ ತಾಳೆಯಾಗುತ್ತದೆ ಎಂದು ಹುಡುಕುತ್ತದೆ. ಶೇ. 1 ಇಟ್ಟು ನೋಡಿ: ಮೊದಲ ಲಕ್ಷ ಎರಡು ವರ್ಷಕ್ಕೆ 1,02,010. ಆಮೇಲಿನ 2 ಲಕ್ಷ ಒಂದು ವರ್ಷಕ್ಕೆ 2,02,000. ಕೂಡಿದರೆ 3,04,010. ಹತ್ತೇ ರೂಪಾಯಿ ವ್ಯತ್ಯಾಸ! ದೊಡ್ಡ ಗಂಟು ಇಳಿಯುವ ವರ್ಷಕ್ಕೇ ಸಿಕ್ಕಿಬಿದ್ದಿದ್ದು ಇಲ್ಲಿ ಕಾಣುತ್ತದೆ.

ಫಂಡ್ ಹೇಗೆ ನಡೆಸಿದ್ದಾರೆ ಎಂದು ತೂಗಲು ಟೈಮ್ ವೆಯ್ಟೆಡ್ ನೋಡಿ. ನಿಮ್ಮ ಜೇಬಿಗೆ ಏನು ಬಂತು ಎಂದು ತಿಳಿಯಲು ಎಕ್ಸ್‌ಐಆರ್‌ಆರ್. ನಾನಂತೂ ಅಡಿಕೆ ದುಡ್ಡಿನವರಿಗೆ ಎರಡನೆಯದನ್ನೇ ಮೊದಲು ನೋಡಿ ಅನ್ನುತ್ತೇನೆ.

ಆ್ಯಪ್ ಮೇಲೆ ನಂಬಿಕೆ ಇಲ್ವಾ? ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ನೀವೇ ಮಾಡಬಹುದು. ಒಂದು ಕಾಲಂನಲ್ಲಿ ತಾರೀಖು, ಪಕ್ಕದಲ್ಲಿ ಮೊತ್ತ. ಹಾಕಿದ್ದಕ್ಕೆಲ್ಲ ಮೈನಸ್, ತೆಗೆದಿದ್ದಕ್ಕೆ ಪ್ಲಸ್. ಕೊನೆಯ ಸಾಲಿನಲ್ಲಿ ಇವತ್ತಿನ ತಾರೀಖು, ಇವತ್ತಿನ ಬೆಲೆ, ಪ್ಲಸ್‌ನಲ್ಲಿ. ಆಮೇಲೆ ಎಕ್ಸ್‌ಐಆರ್‌ಆರ್ ಸೂತ್ರಕ್ಕೆ ಮೊದಲು ಮೊತ್ತದ ಕಾಲಂ, ನಂತರ ತಾರೀಖಿನ ಕಾಲಂ ಕೊಡಿ. ಎಲ್ಲವೂ ಮೈನಸ್ ಆಗಿದ್ದರೆ ಎರರ್ ಬರುತ್ತದೆ.

ಜಾಸ್ತಿ ಕಾಟ ಕೊಡುವುದು ತಾರೀಖು. ಶೀಟ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 5/4 ಅಂದರೆ ಏಪ್ರಿಲ್ 5 ಅಲ್ಲ, ಮೇ 4. 25/4 ಹಾಕಿದರೆ ತಾರೀಖು ಅಂತಲೇ ಗುರುತಿಸುವುದಿಲ್ಲ, ಸುಮ್ನೆ ಅಕ್ಷರ ಅಂದುಕೊಂಡು ಎಡಕ್ಕೆ ಅಂಟಿಸಿಡುತ್ತದೆ. ಸರಿಯಾದ ತಾರೀಖು ಬಲಕ್ಕೆ ನಿಲ್ಲುತ್ತದೆ. ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು.

ಕೈಗೆ ಬಂದ ಡಿವಿಡೆಂಡ್‌ಗೂ ಒಂದು ಸಾಲು ಕೊಡಿ, ಇಲ್ಲದಿದ್ದರೆ ಲಾಭ ಕಡಿಮೆ ಕಾಣುತ್ತದೆ.

ಹೊಸದಾಗಿ ಹಾಕಿದ ದುಡ್ಡಿನ ಎಕ್ಸ್‌ಐಆರ್‌ಆರ್ ನೋಡಿ ಹಿಗ್ಗಬೇಡಿ. 30 ದಿನದಲ್ಲಿ ಶೇ. 2 ಏರಿದರೆ, ವರ್ಷವಿಡೀ ಹಾಗೇ ಏರುತ್ತದೆ ಎಂದು ಎಣಿಸಿ ಅದು ಶೇ. 27 ಎಂದು ತೋರಿಸುತ್ತದೆ. ವರ್ಷ ತುಂಬುವ ತನಕ ಅಬ್ಸಲ್ಯೂಟ್ ಅಂಕಿಯೇ ಮೇಲು.

ಎಫ್‌ಡಿಗೆ ಹೋಲಿಸುವವರು ಇನ್ನೊಂದು ನೋಡಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವ ಶೇ. 7ರ ಎಫ್‌ಡಿ ವರ್ಷಕ್ಕೆ ನಿಜವಾಗಿ ಶೇ. 7.19 ಕೊಡುತ್ತದೆ. ಎಕ್ಸ್‌ಐಆರ್‌ಆರ್ ಪಕ್ಕ ಇಡಬೇಕಾದ್ದು ಈ 7.19ನ್ನು. ಎರಡೂ ತೆರಿಗೆ ಕಳೆಯುವ ಮೊದಲಿನ ಅಂಕಿ.