ಅಂಕ ಹಾಕದ ಚೀಟಿ: ಗಣಿತದ ಎಫ್‌ಎಯಲ್ಲಿ ನನ್ನ ಅನುಭವ

ಅಂಕ ಇಲ್ಲ ಅಂದರೆ ಮಕ್ಕಳು ಪೆನ್ನೇ ಎತ್ತೋದಿಲ್ಲ ಅಂತ ಸ್ಟಾಫ್‌ರೂಮಿನಲ್ಲಿ ಎಲ್ಲರ ಮಾತು. ಎತ್ತುತ್ತಾರೆ. ಪಾಠದ ಕೊನೆಗೆ ಎರಡು ಪ್ರಶ್ನೆಗೆ ಉತ್ತರ ಬರೆಸಿಕೊಂಡು, ಅಂಕ ಹಾಕದೆ ನೋಡುವ ಚೀಟಿ ಎಂಟು, ಒಂಬತ್ತನೇ ತರಗತಿಯ ಗಣಿತದಲ್ಲಿ ಈಗ ಗಟ್ಟಿಯಾಗಿ ನಿಂತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಎಫ್‌ಎ ಅಂದರೆ ಪಾಠ ನಡೆಯುತ್ತಿರುವಾಗಲೇ ಮಾಡುವ ಮೌಲ್ಯಮಾಪನ, ಎಸ್‌ಎ ಅಂದರೆ ಅವಧಿಯ ಕೊನೆಯ ಪರೀಕ್ಷೆ. ಇನ್ನು ನೇರ ಕೆಲಸಕ್ಕೆ ಬರುತ್ತೇನೆ.

ಎ4 ಹಾಳೆ ಎಂಟು ತುಂಡು. ಪೀರಿಯಡ್ಡಿನ ಕೊನೆಯ ಏಳು ನಿಮಿಷ. ಬೋರ್ಡಿನ ಮೇಲೆ ಎರಡೇ ಪ್ರಶ್ನೆ. ಚೀಟಿಯಲ್ಲಿ ರೋಲ್ ನಂಬರ್, ಉತ್ತರ, ಪಕ್ಕದಲ್ಲಿ ‘ಖಾತ್ರಿ’ ಅಥವಾ ‘ಅನುಮಾನ’. 45 ಮಕ್ಕಳಿಗೆ ಆರು ಹಾಳೆ ಸಾಕು. 500 ಹಾಳೆಯ ರೀಮಿಗೆ ಸುಮಾರು 280 ರೂಪಾಯಿ ಕೊಟ್ಟ ನೆನಪು. ವಾರಕ್ಕೆ ಮೂರು ಸಲ ಮಾಡಿದರೂ ಒಂದು ಸೆಕ್ಷನ್ನಿಗೆ ಇಪ್ಪತ್ತೇಳು ವಾರ ಬರುತ್ತದೆ.

ಚೀಟಿಗಳನ್ನು ನಾಲ್ಕು ಗುಡ್ಡೆ ಮಾಡಿ: ಸರಿ-ಖಾತ್ರಿ, ಸರಿ-ಅನುಮಾನ, ತಪ್ಪು-ಅನುಮಾನ, ತಪ್ಪು-ಖಾತ್ರಿ. ಹತ್ತು ಹನ್ನೆರಡು ನಿಮಿಷದ ಕೆಲಸ. ಮರುದಿನದ ಪಾಠ ಶುರುವಾಗಬೇಕಾದ್ದು ಕೊನೆಯ ಗುಡ್ಡೆಯಿಂದ. ಅನುಮಾನ ಇರುವ ಮಗು ತಾನೇ ಕೇಳುತ್ತದೆ. ತಪ್ಪನ್ನೇ ಸರಿ ಅಂತ ನಂಬಿದ ಮಗು ಎಸ್‌ಎವರೆಗೂ ಕೇಳುವುದಿಲ್ಲ.

ಎಲ್ಲ ಶ್ರಮ ಇರುವುದು ಪ್ರಶ್ನೆ ತಯಾರಿಯಲ್ಲಿ. ‘0.8, 0.35, 0.125 ಇವುಗಳಲ್ಲಿ ದೊಡ್ಡದು ಯಾವುದು?’ ಎಂಬ ಪ್ರಶ್ನೆ ಉಪಯೋಗಕ್ಕೆ ಬಾರದು. ಅಂಕಿ ಕಡಿಮೆ ಇದ್ದರೆ ಸಂಖ್ಯೆ ದೊಡ್ಡದು ಅಂದುಕೊಂಡ ಮಗುವೂ 0.8 ಎಂದೇ ಬರೆದು ಸರಿಯಾಗಿಬಿಡುತ್ತದೆ. 0.4, 0.47, 0.125 ಕೊಡಿ. 0.125 ಬರೆದವರು ಉದ್ದ ನೋಡಿದವರು, 0.4 ಬರೆದವರು ಗಿಡ್ಡ ನೋಡಿದವರು. ಎರಡಕ್ಕೂ ಮದ್ದು ಬೇರೆ. ಹಾಗೆಯೇ 5 − (x − 3): ಉತ್ತರ 2 − x ಬಂದರೆ ಆವರಣ ಬಿಡಿಸುವಾಗ ಚಿಹ್ನೆ ಬದಲಿಸಿಲ್ಲ. 7x ಬಂದರೆ ಚಿಹ್ನೆ ಸರಿಯಾಗಿಯೇ ಇದೆ, 8 − x ತನಕ ಬಂದು, ಅಲ್ಲಿಗೆ ನಿಲ್ಲಿಸಲಾಗದೆ ಕೂಡಿಹಾಕಿದ್ದಾರೆ. ಇವರಿಗೆ ಚಿಹ್ನೆಯ ಪಾಠ ಮತ್ತೆ ಮಾಡಿ ಫಲವಿಲ್ಲ, ಸಜಾತಿ ಪದಗಳಿಗೆ (x ಇರುವುದನ್ನು x ಇರುವುದರ ಜೊತೆ, ಬರೀ ಸಂಖ್ಯೆಯನ್ನು ಸಂಖ್ಯೆಯ ಜೊತೆ ಮಾತ್ರ ಕೂಡುವುದು) ಹಿಂದೆ ಹೋಗಬೇಕು.

ಕೈಕೊಟ್ಟವು ಕಡಿಮೆಯಿಲ್ಲ. ಐದು ಪ್ರಶ್ನೆ ಇಟ್ಟರೆ ಚೀಟಿ ವಿಂಗಡಿಸುವುದು ಮರುದಿನದೊಳಗೆ ಮುಗಿಯುವುದಿಲ್ಲ, ಮುಗಿಯದ ಚೀಟಿ ರದ್ದಿ. ಚೀಟಿಗೆ 2ಕ್ಕೆ ಇಷ್ಟು ಅಂತ ಅಂಕ ಹಾಕಿದ ವಾರವೇ ಪಕ್ಕದವರದು ನೋಡಿ ಬರೆಯುವುದು ಶುರು. ಅಂಕ ಮತ್ತು ಷರಾ ಎರಡನ್ನೂ ಬರೆದರೆ ಮಗು ಷರಾ ಓದುವುದೇ ಇಲ್ಲ. ಇಸ್ರೇಲಿನ ಮಕ್ಕಳಲ್ಲಿ ಇಂಥದ್ದನ್ನೇ ಕಂಡು ಸಂಶೋಧಕಿ ರೂತ್ ಬಟ್ಲರ್ 1988ರಲ್ಲೇ ಪ್ರಕಟಿಸಿದ್ದರು. ತಪ್ಪು ಚೀಟಿಯನ್ನು ನಂಬರ್ ಹೇಳಿ ಓದಿದರೆ ಮುಂದಿನ ಸಲ ಖಾಲಿ ಚೀಟಿ ಬರುತ್ತದೆ. ತಪ್ಪನ್ನು ನನ್ನ ಕೈಬರಹದಲ್ಲಿ ಬೋರ್ಡಿಗೆ ಬರೆದು, ‘ಇಲ್ಲಿ ಯಾವ ಸಾಲಿನವರೆಗೆ ಸರಿ ಇದೆ?’ ಅಂತ ಕೇಳುವುದು ನಡೆಯಿತು. ಬೋರ್ಡಿಗೆ ಯಾವ ಚೀಟಿ, ಯಾವ ಕ್ರಮದಲ್ಲಿ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಚೀಟಿಗೆ ಮೊದಲು ಸ್ಲೇಟು ಪ್ರಯತ್ನಿಸಿದೆ. ಒಂಬತ್ತನೆಯವರಿಗೆ ಅದು ಚಿಕ್ಕ ಮಕ್ಕಳ ಸಾಮಾನು, ಹಿಡಿಯಲಿಲ್ಲ. ಫೈಲಿನ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಬಿಳಿ ಹಾಳೆ ಇಟ್ಟು ಮಾರ್ಕರ್ ಕೊಟ್ಟರೆ ಖುಷಿಯಿಂದ ಬರೆದರು. ಕವರು ನಾಲ್ಕೈದು ರೂಪಾಯಿ, ಪರವಾಗಿಲ್ಲ. ಆದರೆ ಮಾರ್ಕರು ಒಂದಕ್ಕೆ 20-25, ಮುಚ್ಚಳ ಕಳೆದು ಎರಡು ವಾರದಲ್ಲಿ ಅರ್ಧ ಒಣಗಿದವು. ಸಾವಿರದ ಹತ್ತಿರ ಸ್ವಂತ ದುಡ್ಡು ಹೋಯಿತು.

ಪ್ಲಿಕರ್ಸ್ ಎಂಬ ಫೋನ್ ಆ್ಯಪಿನ ಕಾರ್ಡನ್ನೂ ನೋಡಿದೆ. ಮಕ್ಕಳು ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡ್ ಹಿಡಿದರೆ ಒಂದೇ ಫೋನಿನ ಕ್ಯಾಮೆರಾ ಇಡೀ ತರಗತಿಯನ್ನು ಓದುತ್ತದೆ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಕಿಟಕಿಯ ಬೆಳಕು ಬಡಿದು ಹಿಂದಿನ ಬೆಂಚಿನವು ಓದುವುದಿಲ್ಲ. ದಪ್ಪ ರಟ್ಟಿಗೆ ಅಂಟಿಸಿದರೆ ಸಾಕು. ಆದರೂ ಯಾವ ಸಾಲಿನಲ್ಲಿ ಎಡವಿದರು ಅಂತ ಅದು ಹೇಳದು, ಹಾಗಾಗಿ ಪುನರಾವರ್ತನೆಗಷ್ಟೇ ಇಟ್ಟುಕೊಂಡಿದ್ದೇನೆ.

ಪ್ರಾಜೆಕ್ಟಿನ ವಿಷಯ. ಥರ್ಮಾಕೋಲ್ ಮಾದರಿಗೆ, ಅಂಗಡಿಯ ಚಾರ್ಟಿಗೆ ಅಂಕ ಕೊಟ್ಟರೆ ಅದು ಮನೆಯವರ ಜೇಬಿಗೆ ಕೊಟ್ಟಂತೆ. ‘ಉತ್ತಮ, ಸಾಧಾರಣ’ ಅಂತ ಹಂತ ಮಾಡಿದರೆ ಎಲ್ಲರೂ ನಡುವೆ ಬಂದು ಕೂರುತ್ತಾರೆ. ಈಗ ಹೌದು-ಇಲ್ಲ ಎನ್ನುವ ಐದು ಅಂಶ, ಜೊತೆಗೆ ಮೂರು ನಿಮಿಷದ ಮೌಖಿಕ. ಒಂದೇ ಬಗೆಯ ಪ್ರಶ್ನೆ: ‘ಈ ಸಿಲಿಂಡರಿನ ತ್ರಿಜ್ಯ ಎರಡು ಪಟ್ಟಾದರೆ ಘನಫಲ ಎಷ್ಟು ಪಟ್ಟು?’ ತಾನೇ ಮಾಡಿದ ಮಗು ತಡವರಿಸಿಯಾದರೂ ನಾಲ್ಕಕ್ಕೆ ಬರುತ್ತದೆ. 45 ಮಕ್ಕಳಿಗೆ ಮೂರು ನಾಲ್ಕು ಪೀರಿಯಡ್ ಬೇಕು, ಉಳಿದವರಿಗೆ ಅಭ್ಯಾಸದ ಲೆಕ್ಕ ಕೊಟ್ಟು ಕೂರಿಸಿ.

ಫಲ ಕೇಳುವವರಿಗೆ: ಆವರಣದ ಲೆಕ್ಕ ಮೊದಲು ಮೂರರಲ್ಲಿ ಒಂದು ಪಾಲು ಮಕ್ಕಳಿಗೆ ಬರುತ್ತಿತ್ತು, ಕಳೆದ ಎಸ್‌ಎ-2ರಲ್ಲಿ ಮುಕ್ಕಾಲು ಪಾಲು ಸರಿ. ಪಕ್ಕದ ಸೆಕ್ಷನ್ನಿನವರೂ ಈಗ ಚೀಟಿ ಕತ್ತರಿಸುತ್ತಿದ್ದಾರೆ.

ದಾಖಲೆ ಕೇಳಿದರೆ ಘಟಕಕ್ಕೊಂದು ಲಕೋಟೆ, ಮೇಲೆ ದಿನಾಂಕ ಮತ್ತು ನಾಲ್ಕು ಗುಡ್ಡೆಯ ಸಂಖ್ಯೆ. ಎಫ್‌ಎ ಅಂಕ ಮಾತ್ರ ಘಟಕದ ಕೊನೆಯ ಮರುಪರೀಕ್ಷೆಯಿಂದ. ಅದರಲ್ಲಿ ತಪ್ಪು-ಖಾತ್ರಿ ಗುಡ್ಡೆಯ ಪ್ರಶ್ನೆಗಳೇ, ಸಂಖ್ಯೆ ಬದಲಿಸಿ.